ಕೊಂಬು, ಕಾರ್ನೆಟ್ ಮತ್ತು ಕೂಡುಹಾಡು

1903ರ ನವೆಂಬರ್ 22ರಂದು ರೋಮಿನಿಂದ ಹೊರಟ ಒಂದು ಆಜ್ಞಾಪತ್ರಕ್ಕೂ ಕುಂದಾಪುರದ ಬೀದಿಯಲ್ಲಿ ಕೇಳುವ ತುತ್ತೂರಿಗೂ ಹತ್ತಿರದ ನಂಟಿದೆ. ಅಂದು ಸಂಗೀತಗಾರರ ಪೋಷಕಿ ಎನ್ನಿಸಿಕೊಂಡ ಸಂತ ಸಿಸಿಲಿಯಾಳ ಹಬ್ಬ. ಹತ್ತನೇ ಪಯಸ್ ಪೋಪ್ ಆ ದಿನ ಕಥೊಲಿಕ್ ಚರ್ಚುಗಳ ಸಂಗೀತಕ್ಕೆ ಕಟ್ಟುನಿಟ್ಟಿನ ಕಟ್ಟಳೆ ವಿಧಿಸಿದರು. ಚರ್ಚಿನೊಳಗೆ ಪಿಯಾನೊ ಕೂಡದು, ಡೋಲು–ತಾಳಗಳು ಕೂಡದು, ಬ್ಯಾಂಡ್ ಅಂತೂ ಕೂಡಲೇ ಕೂಡದು. ಆದರೆ ಅದರ ಮುಂದಿನ ಕಲಮಿನಲ್ಲೇ ಒಂದು ಬಾಗಿಲು ತೆರೆದಿತ್ತು. ಮೆರವಣಿಗೆ ಚರ್ಚಿನ ಹೊರಗೆ ಹೊರಟಾಗ ಬಿಷಪರ ಒಪ್ಪಿಗೆ ಪಡೆದು ಬ್ಯಾಂಡ್ ಇಟ್ಟುಕೊಳ್ಳಬಹುದು. ಲೌಕಿಕ ಹಾಡುಗಳನ್ನು ನುಡಿಸಬಾರದು. ಮೆರವಣಿಗೆಯಲ್ಲಿ ನಡೆಯುವ ಗಾಯಕರು, ಭಕ್ತ ಸಂಘದವರು ಲ್ಯಾಟಿನ್‌ನಲ್ಲಾಗಲಿ ತಮ್ಮ ಊರ ಮಾತಿನಲ್ಲಾಗಲಿ ಹಾಡುವ ಭಕ್ತಿಗೀತೆಗೆ ಬ್ಯಾಂಡ್ ಜೊತೆಗೊಟ್ಟರೆ ಅದೇ ಉತ್ತಮ.

ಒಳಗೆ ಮನುಷ್ಯರ ದನಿ, ಹೊರಗೆ ದನಿಯ ಜೊತೆ ಹಿತ್ತಾಳೆ. ಕುಂದಾಪುರ, ಬ್ರಹ್ಮಾವರ, ಬೈಂದೂರು ಕಡೆಯ ಇಗರ್ಜಿಗಳ ವಾರ್ಷಿಕ ಹಬ್ಬವಾದ ತೆರಾಲಿಯ ಮೆರವಣಿಗೆ ನೋಡಿದವರಿಗೆ ಈ ಏರ್ಪಾಡು ಹೊಸದಲ್ಲ. ಪೂಜೆಯ ಹೊತ್ತಿಗೆ ಗೇಟಿನ ಬಳಿ ಸುಮ್ಮನೆ ನಿಂತಿದ್ದ ಬ್ಯಾಂಡಿನವರು, ಶಿಲುಬೆ ಹೊತ್ತವರು ಬಾಗಿಲು ದಾಟಿದೊಡನೆ ಬಾಯಿಗೆ ತುತ್ತೂರಿ ಏರಿಸುತ್ತಾರೆ. ಮೆರವಣಿಗೆ ಮುಗಿದು ಜನ ಒಳಗೆ ಹೋದರೆ ಮತ್ತೆ ಕೆಳಗಿಳಿಸುತ್ತಾರೆ. ಹಿತ್ತಾಳೆಯ ವಾದ್ಯ ಮತ್ತು ಹಲವರ ಕೂಡುಹಾಡು ಈ ಕರಾವಳಿಯಲ್ಲಿ ಒಂದಾದದ್ದು ವೇದಿಕೆಯ ಮೇಲಲ್ಲ, ಪೀಠದ ಮುಂದೆಯೂ ಅಲ್ಲ, ನಡೆಯುವ ದಾರಿಯಲ್ಲಿ. ಆ ದಾರಿ ಎಲ್ಲೆಲ್ಲಿಂದ ಬಂತು ಎಂದು ಹುಡುಕಿದರೆ ವೆನಿಸ್, ಗೋವಾ, ಜರ್ಮನಿಯ ಹಳ್ಳಿ, ಮೈಸೂರಿನ ಅರಮನೆ ಎಲ್ಲವೂ ಸಿಗುತ್ತವೆ.

ಆದರೂ ಮೊದಲ ಹಿತ್ತಾಳೆ ಈ ಮಣ್ಣಿನದೇ. ಕೋಟೇಶ್ವರದ ಕೊಡಿ ಹಬ್ಬವಿರಲಿ, ಕೊಲ್ಲೂರಿನ ರಥೋತ್ಸವವಿರಲಿ, ಊರ ದೈವದ ಕೋಲವಿರಲಿ, ಕೊಂಬು–ಕಹಳೆ ಇಲ್ಲದೆ ಕಳೆಗಟ್ಟುವುದಿಲ್ಲ. ಇವನ್ನು ಊದುವ ಕಾಯಕ ತಲೆಮಾರುಗಳಿಂದ ದೇವಾಡಿಗ ಸಮುದಾಯದ ಶೇರಿಗಾರರು, ಮೊಯಿಲಿಗಳು ನಡೆಸಿಕೊಂಡು ಬಂದದ್ದು. ಬಾಗಿದ ಉದ್ದನೆಯ ಕೊಳವೆ, ಒಂದು ತುದಿಯಲ್ಲಿ ತುಟಿ ಇಡುವ ಬಟ್ಟಲು, ಇನ್ನೊಂದು ತುದಿಯಲ್ಲಿ ಅರಳಿದ ಬಾಯಿ. ರಂಧ್ರವಿಲ್ಲ, ಗುಂಡಿಯಿಲ್ಲ. ಅದರಿಂದ ಹೊರಡುವುದು ಕೊಳವೆಯ ಉದ್ದಕ್ಕೆ ತಕ್ಕ ಒಂದು ಮೂಲಸ್ವರದ ಮೇಲಿನ ಕೆಲವೇ ಸ್ವರಗಳು. ಹಾಗಾಗಿ ಕೊಂಬು ರಾಗ ನುಡಿಸುವುದಿಲ್ಲ, ಹಾಡಿಗೆ ಜೊತೆಗೂಡುವುದೂ ಇಲ್ಲ. ಅದು ಆಗಮನವನ್ನು ಸಾರುತ್ತದೆ, ವಂದನೆ ಸಲ್ಲಿಸುತ್ತದೆ, ಆವೇಶದ ಗಳಿಗೆಯನ್ನು ಏರಿಸುತ್ತದೆ. ಕೋಲದಲ್ಲಿ ಗಮನಿಸಿದರೆ, ಹಾಡು ನಿಂತಲ್ಲಿ ಕೊಂಬು ಕೂಗುತ್ತದೆ, ಕೊಂಬು ನಿಂತಲ್ಲಿ ಹಾಡು ಮುಂದುವರಿಯುತ್ತದೆ. ಎರಡಕ್ಕೂ ಅವುಗಳದೇ ಜಾಗ.

ಒಟ್ಟಾಗಿ ಹಾಡುತ್ತ ನಡೆಯುವುದೂ ಇಲ್ಲಿನ ಹಳೆಯ ರೂಢಿ. ಬಾರ್ಕೂರು, ಮಂದಾರ್ತಿ ಸುತ್ತಿನ ಕುಡುಬಿ ಸಮುದಾಯದವರು ಹೋಳಿಯ ದಿನಗಳಲ್ಲಿ ಗುಮಟೆ ಬಾರಿಸುತ್ತ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ವೆಂಕಟರಮಣ ದೇವಸ್ಥಾನಗಳಲ್ಲಿ ಹಗಲಿರುಳೆನ್ನದೆ ಭಜನಾ ಸಪ್ತಾಹ ನಡೆಯುತ್ತದೆ. ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಇಲ್ಲೆಲ್ಲ ಜೊತೆಗಿರುವುದು ಮಣ್ಣಿನ ಗುಮಟೆ, ತಾಳ, ಮದ್ದಳೆ, ಹಾರ್ಮೋನಿಯಂ. ಹಾಡು ಒಂದೇ ಎಳೆಯದು. ಎಷ್ಟು ಜನ ಕೂಡಿದರೂ ಹಿಡಿಯುವುದು ಒಂದೇ ಸ್ವರ. ನಾಲ್ಕು ಎತ್ತರದ ದನಿಗಳು ನಾಲ್ಕು ಬೇರೆ ಸ್ವರ ಹಿಡಿದು ಒಂದೇ ಹಾಡು ಹಾಡುವ ಪದ್ಧತಿ ಹಡಗು ಹತ್ತಿ ಬಂತು.

ಪೋರ್ಚುಗೀಸರು ಬಸ್ರೂರನ್ನು ಹಿಡಿದದ್ದು 1569ರಲ್ಲಿ. ಅವರ ಕಾಗದಪತ್ರಗಳಲ್ಲಿ ಅದು ಬಾರ್ಸೆಲೋರ್. ಗೋವಾಕ್ಕೆ ಬೇಕಾದ ಅಕ್ಕಿ ಇಲ್ಲಿನ ಹೊಳೆಗಳಿಂದ ಹಡಗೇರುತ್ತಿತ್ತು. ಆ ಅಕ್ಕಿಗಾಗಿ ಕೋಟೆ ಎದ್ದಿತು, ಕೋಟೆಯ ಹಿಂದೆಯೇ ಇಗರ್ಜಿ ಬಂತು. ಕುಂದಾಪುರದ ಹೋಲಿ ರೋಜರಿ ಚರ್ಚ್ ತನ್ನ ಹುಟ್ಟನ್ನು 1570ಕ್ಕೆ ಗುರುತಿಸುತ್ತದೆ. ಕರಾವಳಿಯ ತೀರ ಹಳೆಯ ಇಗರ್ಜಿಗಳಲ್ಲಿ ಅದೂ ಒಂದು. ಗೋವಾದಲ್ಲಿ ಅಷ್ಟು ಹೊತ್ತಿಗಾಗಲೇ ಇಗರ್ಜಿಗೊಂದು ಶಾಲೆ ಎಂಬ ಏರ್ಪಾಡಿತ್ತು. ಅಲ್ಲಿ ಮಕ್ಕಳು ಪ್ರಾರ್ಥನೆಯ ಜೊತೆಗೆ ಸ್ವರ ಓದುವುದನ್ನು, ಹಾಡುವುದನ್ನು, ಪಿಟೀಲು ನುಡಿಸುವುದನ್ನು ಕಲಿಯುತ್ತಿದ್ದರು. ಹಬ್ಬದ ಮೆರವಣಿಗೆಗಳಲ್ಲಿ ತುತ್ತೂರಿ ಮತ್ತು ಶಹನಾಯಿಯನ್ನು ಹೋಲುವ ಶಾರಮೇಲಾ ವಾದ್ಯಗಳ ಮೇಳ ಇರುತ್ತಿತ್ತು. ಮುಂದೆ ಬ್ರಿಟಿಷರ ಪಲ್ಟನ್ನುಗಳಿಗೂ ಸಂಸ್ಥಾನಗಳ ಬ್ಯಾಂಡುಗಳಿಗೂ ಗೋವಾದ ವಾದ್ಯಗಾರರು ಹೋದದ್ದು ಇದೇ ಶಾಲೆಗಳ ಫಲ.

ಕರಾವಳಿಯ ಕೊಂಕಣಿ ಕ್ರೈಸ್ತರ ಕುಟುಂಬಗಳು ಗೋವಾದಿಂದ ಬಂದವು. ಅವರ ಬದುಕಿಗೆ 1784ರಲ್ಲಿ ದೊಡ್ಡ ಪೆಟ್ಟು ಬಿತ್ತು. ಟಿಪ್ಪು ಸುಲ್ತಾನನು ಸಾವಿರಾರು ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಬದುಕಿ ಉಳಿದವರು ಊರು ಸೇರಿದ್ದು 1799ರ ನಂತರ. ಹದಿನೈದು ವರ್ಷ ಇಗರ್ಜಿಯ ಹಾಡೇ ಇಲ್ಲದ ಒಂದು ತಲೆಮಾರು ಬೆಳೆಯಿತು ಎಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು. ಇವತ್ತು ಕೇಳುವ ಹಾಡು–ಬ್ಯಾಂಡುಗಳ ಪದ್ಧತಿ ಬಹುಪಾಲು ಆಮೇಲೆ ಕಟ್ಟಿಕೊಂಡದ್ದು.

ಹಾಡಿಗೆ ಹಿತ್ತಾಳೆಯನ್ನು ಬೆಸೆಯುವ ಯೋಚನೆ ಎಷ್ಟು ಹಳೆಯದು? ಬೈಬಲಿನ ಪೂರ್ವಕಾಲದ ವೃತ್ತಾಂತಗಳ ಎರಡನೇ ಭಾಗದಲ್ಲಿ, ಸೊಲೊಮೋನನ ದೇವಾಲಯದ ಪ್ರತಿಷ್ಠೆಯ ದಿನ 120 ಮಂದಿ ಯಾಜಕರು ತುತ್ತೂರಿ ಊದಿದರೆಂದೂ ಅವರ ಸದ್ದು ಮತ್ತು ಗಾಯಕರ ದನಿ ಒಂದೇ ಆಗಿ ಕೇಳಿಸಿತೆಂದೂ ಇದೆ. ಕ್ರೈಸ್ತ ಸಂಗೀತಗಾರರೆಲ್ಲ ಬೆನ್ನು ಹತ್ತಿದ ಕನಸು ಅದು. ಅದು ಎದ್ದು ಕೇಳುವಂತೆ ನಿಜವಾದದ್ದು ವೆನಿಸ್ಸಿನ ಸಂತ ಮಾರ್ಕ್ ಬಸಿಲಿಕಾದಲ್ಲಿ. ಕಟ್ಟಡದ ಎದುರುಬದುರು ಉಪ್ಪರಿಗೆಗಳಲ್ಲಿ ಗಾಯಕರನ್ನೂ ವಾದಕರನ್ನೂ ಪಂಗಡ ಪಂಗಡವಾಗಿ ನಿಲ್ಲಿಸಿ, ಒಂದು ಕಡೆಯ ಮಾತಿಗೆ ಇನ್ನೊಂದು ಕಡೆಯಿಂದ ಉತ್ತರ ಬರುವಂತೆ ಜೊವಾನಿ ಗಾಬ್ರಿಯೇಲಿ ಸಂಗೀತ ಬರೆದ. ಅವನ ಸಂಗ್ರಹ ಅಚ್ಚಾದದ್ದು 1597ರಲ್ಲಿ. ಜರ್ಮನಿಯಿಂದ ಬಂದು ಅವನ ಬಳಿ ಕಲಿತ ಹೈನ್‌ರಿಶ್ ಶ್ಯೂಟ್ಸ್ ಆ ವಿದ್ಯೆಯನ್ನು ಲೂಥರನ್ ಚರ್ಚುಗಳಿಗೆ ಒಯ್ದ. 1619ರಲ್ಲಿ ದಾವೀದನ ಕೀರ್ತನೆಗಳಿಗೆ ಅದೇ ಬಗೆಯ ಸಂಗೀತ ಹೊಂದಿಸಿದ. ನೂರು ವರ್ಷದ ಬಳಿಕ ಬಾಖ್ ಕೂಡ ತನ್ನ ಕೆಲವು ರಚನೆಗಳಲ್ಲಿ ಗಾಯಕರ ಒಂದೊಂದು ದನಿಗೂ ಒಂದೊಂದು ಟ್ರೊಂಬೋನನ್ನು ಜೊತೆ ನಿಲ್ಲಿಸಿದ.

ಈ ಕೆಲಸಕ್ಕೆ ಟ್ರೊಂಬೋನೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅದರ ಜಾರುಕೊಳವೆಯಲ್ಲಿದೆ. ಆ ಕಾಲದ ತುತ್ತೂರಿ ಹೆಚ್ಚುಕಡಿಮೆ ನಮ್ಮ ಕೊಂಬಿನ ಹಾಗೆಯೇ ಸ್ವರದ ಬಡತನದ್ದು. ಟ್ರೊಂಬೋನಿನಲ್ಲಿ ಮಾತ್ರ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಉದ್ದವನ್ನು ಬದಲಿಸಬಹುದು. ಎಲ್ಲ ಸ್ವರ ಸಿಗುತ್ತದೆ; ಗಾಯಕರು ಒಂದು ಕೂದಲೆಳೆ ಕೆಳಗಿಳಿದರೆ ವಾದಕನೂ ಅಷ್ಟೇ ಇಳಿಯಬಲ್ಲ. ಆಲ್ಟೊ, ಟೆನರ್, ಬಾಸ್ ಎಂದು ಗಾಯಕರ ದನಿಗೆ ಸರಿಯಾದ ಅಳತೆಗಳಲ್ಲೂ ಅದು ಬರುತ್ತಿತ್ತು.

ಉಳಿದ ಹಿತ್ತಾಳೆಗಳಿಗೆ ಆ ಭಾಗ್ಯ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1818ರಲ್ಲಿ ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ವಾದಕರಿಬ್ಬರು ವಾಲ್ವಿಗೆ ಹಕ್ಕುಪತ್ರ ಪಡೆದರು. ಬೆರಳಿನಿಂದ ಗುಂಡಿ ಒತ್ತಿದರೆ ಗಾಳಿ ಹೆಚ್ಚುವರಿ ಕೊಳವೆಯ ಮೂಲಕ ಸುತ್ತಿ ಬರುತ್ತದೆ, ಸ್ವರ ಇಳಿಯುತ್ತದೆ. ಮೂರು ಗುಂಡಿಗಳಲ್ಲಿ ಇಡೀ ಸ್ವರಶ್ರೇಣಿ. ಕಾರ್ನೆಟ್, ಯೂಫೋನಿಯಂ, ಟ್ಯೂಬಾ ಎಲ್ಲ ಈ ಗುಂಡಿಯ ಮಕ್ಕಳು. ಬಡಗಿ, ನೇಕಾರ, ಗಣಿ ಕೆಲಸಗಾರ ಯಾರೇ ಆದರೂ ಸಂಜೆ ಹೊತ್ತು ಕಲಿತು ಒಂದು ಕೀರ್ತನೆ ನುಡಿಸುವಷ್ಟು ಅದು ಹತ್ತಿರವಾಯಿತು. ಕೊಂಬಿಗೂ ಬ್ಯಾಂಡಿನ ತುತ್ತೂರಿಗೂ ಇರುವ ಅಂತರ ಇದೊಂದೇ. ಕೊಂಬು ಹಾಡಿನ ಪಕ್ಕದಲ್ಲಿ ನಿಲ್ಲಬಲ್ಲದು, ವಾಲ್ವಿನ ತುತ್ತೂರಿ ಹಾಡಿನೊಳಗೆ ಸೇರಬಲ್ಲದು.

1843ರಲ್ಲಿ ಉತ್ತರ ಜರ್ಮನಿಯ ಯೊಲ್ಲೆನ್‌ಬೆಕ್ ಎಂಬ ಹಳ್ಳಿಯಲ್ಲಿ ಪಾದ್ರಿ ಫೋಲ್ಕೆನಿಂಗ್ ಅವರ ಆಶ್ರಯದಲ್ಲಿ ರೈತಾಪಿ ಹುಡುಗರ ಒಂದು ತುತ್ತೂರಿ ಮೇಳ ಹುಟ್ಟಿತು. ಸಭೆಯ ಹಾಡಿಗೆ ಜೊತೆಗೊಡುವುದೇ ಅದರ ಕೆಲಸ. ಇಂಥ ಮೇಳಗಳು ಮುಂದೆ ಜರ್ಮನಿಯ ಪ್ರಾಟೆಸ್ಟಂಟ್ ಹಳ್ಳಿಗಳ ತುಂಬ ಹಬ್ಬಿದವು. ಅವುಗಳ ದೊಡ್ಡ ಸಂಘಟಕ ಯೋಹಾನೆಸ್ ಕೂಲೊ (1856–1941) ಒಂದು ಚತುರ ಉಪಾಯ ಮಾಡಿದ. ಬೇರೆ ಬೇರೆ ಶ್ರುತಿಯ ತುತ್ತೂರಿಗಳಿಗೆ ಬೇರೆ ಬೇರೆ ಪುಸ್ತಕ ಬರೆಯುವ ಮಿಲಿಟರಿ ಪದ್ಧತಿ ಬಿಟ್ಟು, ಗಾಯಕರ ಕೈಯಲ್ಲಿರುವ ಅದೇ ಕೀರ್ತನೆ ಪುಸ್ತಕವನ್ನು ವಾದಕರೂ ನೇರವಾಗಿ ಓದುವಂತೆ ಕಲಿಸಿದ. ಒಂದೇ ಪುಟ, ಒಂದೇ ಸ್ವರ, ಎರಡು ಪಂಗಡ. ಇಂಗ್ಲೆಂಡಿನಲ್ಲಿ ಸಾಲ್ವೇಶನ್ ಆರ್ಮಿ 1878ರಲ್ಲಿ ಸ್ಯಾಲಿಸ್‌ಬರಿಯ ಚಾರ್ಲ್ಸ್ ಫ್ರೈ ಮತ್ತು ಅವನ ಮೂವರು ಮಕ್ಕಳ ತುತ್ತೂರಿಗಳನ್ನು ಬೀದಿಯ ಹಾಡಿಗೆ ಸೇರಿಸಿಕೊಂಡದ್ದೂ ಇದೇ ಜಾಡು. ನಾಲ್ಕು ವರ್ಷದ ಬಳಿಕ, 1882ರ ಸೆಪ್ಟೆಂಬರಿನಲ್ಲಿ ಅದರ ಮೊದಲ ತಂಡ ಮುಂಬಯಿಯಲ್ಲಿ ಇಳಿದು ವಾದ್ಯ ಬಾರಿಸುತ್ತ, ಹಾಡುತ್ತ ಬೀದಿಗಿಳಿದಾಗ ಪೊಲೀಸರು ಹಿಡಿದು ಒಯ್ದರು.

ಯೊಲ್ಲೆನ್‌ಬೆಕ್ಕಿನ ಹುಡುಗರು ತುತ್ತೂರಿ ಹಿಡಿದ ಅದೇ 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1854ರಲ್ಲಿ ಉಡುಪಿಗೂ ಬಂದರು. ಜರ್ಮನ್ ಕೀರ್ತನೆಗಳ ನಾಲ್ಕು ದನಿಯ ಧಾಟಿಗೆ ಅವರು ಕನ್ನಡ ಪದ ಕೂರಿಸಿದರು. ಆ ಧಾಟಿಗಳು ಕರಾವಳಿಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಂದಿಗೂ ಉಳಿದಿವೆ. ಆದರೆ ಕನ್ನಡದ ಮಾತ್ರೆಯ ನಡೆ ಜರ್ಮನ್ ಒತ್ತಿಗೆ ಸುಲಭವಾಗಿ ಬಗ್ಗುವುದಲ್ಲ. ನಿಘಂಟಿನ ಕಿಟ್ಟೆಲ್ ಇದನ್ನು ಚೆನ್ನಾಗಿ ಅರಿತಿದ್ದ. ಯೇಸುವಿನ ಜೀವನವನ್ನು ‘ಕಥಾಮಾಲೆ’ಯಲ್ಲಿ (1862) ಹೇಳುವಾಗ ಅವನು ನಮ್ಮ ಛಂದಸ್ಸನ್ನೇ ಹಿಡಿದ. ಹಾಡಿನ ವಿಷಯದಲ್ಲಿ ಆ ಪಾದ್ರಿಗಳಲ್ಲಿ ಅತಿ ಸೂಕ್ಷ್ಮವಾದ ಕಿವಿ ಅವನದು.

ಕಥೊಲಿಕರ ಕಡೆ ದಾರಿ ಬೇರೆ. 1878ರ ಕೊನೆಯ ದಿನ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಅದೇ ವರ್ಷ ರೋಮಿಗೂ ಪೋರ್ಚುಗಲ್ಲಿಗೂ ಆದ ಒಪ್ಪಂದದಿಂದ, ಅದುವರೆಗೆ ಗೋವಾದ ಅಧೀನದಲ್ಲಿದ್ದ ಇಗರ್ಜಿಗಳು ಮಂಗಳೂರಿನ ಬಿಷಪರ ಕೈಗೆ ಬಂದವು. ಬ್ರಹ್ಮಾವರ ಸುತ್ತಿನ ಬಹಳ ಮಂದಿಗೆ ಇದು ಒಪ್ಪಿಗೆಯಾಗಲಿಲ್ಲ. ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ ಅವರ ಮುಂದಾಳುತನದಲ್ಲಿ ಅವರು ರೋಮಿನಿಂದ ಬೇರೆಯಾದರು. ಗೋವಾದ ಅಲ್ವಾರಿಸ್ ಪಾದ್ರಿ 1889ರಲ್ಲಿ ಕೊಟ್ಟಾಯಂನಲ್ಲಿ ಮಲಂಕರ ಸಿರಿಯನ್ ಸಭೆಯಿಂದ ಅಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾಗಿ ಅಭಿಷೇಕಗೊಂಡಾಗ ಬ್ರಹ್ಮಾವರದವರು ಅವರ ಆಶ್ರಯಕ್ಕೆ ಬಂದರು. ಅಚ್ಚರಿಯ ಸಂಗತಿಯೆಂದರೆ, ಸಭೆ ಬದಲಾದರೂ ಆರಾಧನೆಯ ಪದ್ಧತಿ ಬದಲಾಗಲಿಲ್ಲ. ಕೇರಳದ ಸಿರಿಯನ್ ಸಭೆಯೊಳಗೆ ಲ್ಯಾಟಿನ್ ಪೂಜಾಕ್ರಮವನ್ನೇ ಉಳಿಸಿಕೊಂಡ ಅಪರೂಪದ ಸಮುದಾಯ ಅದಾಯಿತು. 1936ರಲ್ಲಿ ನೊರೊನ್ಹಾ ತೀರಿಕೊಂಡರು; ಅವರು ಕಟ್ಟಿದ ಸಮುದಾಯಕ್ಕೆ 2010ರಲ್ಲಿ ಬ್ರಹ್ಮಾವರವನ್ನೇ ಕೇಂದ್ರವಾಗಿಟ್ಟುಕೊಂಡ ಧರ್ಮಪ್ರಾಂತ್ಯ ಸಿಕ್ಕಿತು.

ಹೀಗಾಗಿ 1903ರ ಆಜ್ಞಾಪತ್ರ ಬಂದಾಗ ಬ್ರಹ್ಮಾವರದ ಒಂದೇ ಪೇಟೆಯಲ್ಲಿ, ಒಂದೇ ಕೊಂಕಣಿ ಆಡುವ, ಅದೇ ಲ್ಯಾಟಿನ್ ಕೇಳಿ ಬೆಳೆದ ಜನರ ನಡುವೆ ಒಂದು ಗೆರೆ ಇತ್ತು. ಹೋಲಿ ಫ್ಯಾಮಿಲಿ ಇಗರ್ಜಿಯವರಿಗೆ ಪೋಪರ ಕಲಮು ಕಾನೂನು. ಸೇಂಟ್ ಮೇರಿಸ್ ಇಗರ್ಜಿಯವರಿಗೆ ಅಲ್ಲ. ಸಂಗೀತದ ಇತಿಹಾಸ ಬರೆಯುವವರು ಈ ಪುಟ್ಟ ಪೇಟೆಯನ್ನು ಇನ್ನೂ ಸರಿಯಾಗಿ ಗಮನಿಸಿಲ್ಲ. ಒಂದೇ ಬೇರಿನ ಎರಡು ಸಭೆಗಳು ಎರಡು ಕಟ್ಟಳೆಯ ಕೆಳಗೆ ನೂರು ವರ್ಷ ಹೇಗೆ ಹಾಡಿದವು ಎಂಬುದನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಪೋಪರ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು, ಅದು ನೋಯಿಸುವಂಥದ್ದು. ಚರ್ಚಿನೊಳಗಿನ ಗಾಯನವೃಂದದಲ್ಲಿ ಹೆಂಗಸರು ಇರಕೂಡದು, ಎತ್ತರದ ದನಿಗೆ ಹುಡುಗರನ್ನೇ ಬಳಸಬೇಕು ಎಂದು ಅದು ವಿಧಿಸಿತ್ತು. ಮೆರವಣಿಗೆಯ ಕಲಮಿನಲ್ಲಿ ಅಂಥ ನಿರ್ಬಂಧ ಕಾಣುವುದಿಲ್ಲ. ಭಕ್ತ ಸಂಘಗಳೆಲ್ಲ ಹಾಡಬಹುದು, ಬ್ಯಾಂಡ್ ಅವರ ಜೊತೆ ನುಡಿಸಬಹುದು. ಬೀದಿಯ ಈ ಅವಕಾಶ ಸಣ್ಣದಲ್ಲ. ವಾದ್ಯದ ಬೆಂಬಲದೊಂದಿಗೆ ಹೆಣ್ಣುದನಿ ಎತ್ತಿ ಹಾಡಲು ಕಾನೂನು ಬಿಟ್ಟುಕೊಟ್ಟ ಜಾಗ ಹೊರಗಿನ ದಾರಿಯೇ ಆಗಿತ್ತು. ಆಗ ಮಂಗಳೂರಿನ ಬಿಷಪರಾಗಿದ್ದವರು ಇಟಲಿಯ ಜೆಸ್ವಿಟ್ ಅಬುಂದಿಯುಸ್ ಕವಾದಿನಿ. ಮೆರವಣಿಗೆಗೆ ಬ್ಯಾಂಡ್ ಬೇಕೆನ್ನುವ ಇಗರ್ಜಿಗಳು ಕೇಳಬೇಕಾಗಿದ್ದುದು ಅವರ ಒಪ್ಪಿಗೆಯನ್ನು.

ಬಯಲಿನಲ್ಲಿ ಹಾಡಿಗೆ ಹಿತ್ತಾಳೆಯೇ ಬೇಕು ಎಂಬುದನ್ನು ದೊಡ್ಡ ಸಂಗೀತಗಾರರೂ ಅರಿತಿದ್ದರು. ಆಸ್ಟ್ರಿಯದ ಲಿಂಝ್ ನಗರದಲ್ಲಿ ಹೊಸ ಕಥೀಡ್ರಲ್ಲಿನ ಒಂದು ಭಾಗ ಮಾತ್ರ ಮುಗಿದಿತ್ತು. ಪ್ರತಿಷ್ಠೆಯ ಪೂಜೆ ಬಯಲಿನಲ್ಲಿ ನಡೆಯಬೇಕಾಗಿತ್ತು. ಅದಕ್ಕಾಗಿ ಆಂಟನ್ ಬ್ರುಕ್ನರ್ ಪಿಟೀಲುಗಳನ್ನು ಪೂರ್ತಿ ಕೈಬಿಟ್ಟು, ಎಂಟು ದನಿಯ ಗಾಯಕರಿಗೆ 15 ಊದುವಾದ್ಯಗಳನ್ನಷ್ಟೇ ಜೊತೆ ಮಾಡಿದ. 1869ರ ಸೆಪ್ಟೆಂಬರ್ 29ರಂದು ಆ ಪೂಜೆಯ ಸಂಗೀತ ಅಲ್ಲಿ ಬಯಲಿನಲ್ಲೇ ಮೊದಲು ಕೇಳಿತು. ಪಿಟೀಲಿನ ಸದ್ದು ಬಯಲ ಗಾಳಿಯಲ್ಲಿ ಹತ್ತು ಮಾರು ದಾಟುವಷ್ಟರಲ್ಲಿ ಸೊರಗುತ್ತದೆ, ಆರ್ಗನ್ ನಡೆಯಲಾರದು.

ಕುಂದಾಪುರದ ಮೆರವಣಿಗೆಯೂ ಅದೇ ಕಷ್ಟವನ್ನು ತನ್ನ ರೀತಿಯಲ್ಲಿ ಎದುರಿಸುತ್ತದೆ. ಮುಂದೆ ಶಿಲುಬೆ ಮತ್ತು ಮೇಣದಬತ್ತಿ, ಹೂ ಎರಚುವ ಮಕ್ಕಳು, ಸಂಘಗಳ ಪತಾಕೆ, ನಡುವೆ ಬ್ಯಾಂಡ್, ಅದರ ಹಿಂದೆ ಗಾಯನ ಮಂಡಳಿ, ಕೊಡೆಯ ಕೆಳಗೆ ಪರಮಪ್ರಸಾದ ಹಿಡಿದ ಗುರುಗಳು, ಕೊನೆಯಲ್ಲಿ ಊರಿನ ಜನ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಮೆರವಣಿಗೆ 200 ಮೀಟರ್ ಉದ್ದವಿದ್ದರೆ ತಲೆಯ ಸದ್ದು ಬಾಲ ಮುಟ್ಟಲು ಅರ್ಧ ಸೆಕೆಂಡಿಗೂ ಮೀರಿದ ಹೊತ್ತು. ನಿಧಾನದ ಭಕ್ತಿಗೀತೆಯಲ್ಲೂ ಅದು ಅರ್ಧ ತಾಳಕ್ಕಿಂತ ಹೆಚ್ಚು. ಹಿಂದಿನವರು ಕೇಳಿದ್ದನ್ನು ಹಿಡಿದು ಹಾಡುತ್ತಾರೆ, ಮುಂದಿನವರು ಅವರಿಗಿಂತ ಮೊದಲೇ ಸಾಲು ಮುಗಿಸಿರುತ್ತಾರೆ. ಬ್ಯಾಂಡನ್ನು ನಡುವಿಗೆ ಹಾಕಿದರೆ ಈ ಅಂತರ ಎರಡೂ ಕಡೆಗೆ ಅರ್ಧರ್ಧ ಹಂಚಿಹೋಗುತ್ತದೆ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಕಾಲು ಹಾಕುವುದರಿಂದ ಹಾಡುವವರ ಮೈಗೇ ತಾಳ ಇಳಿಯುತ್ತದೆ. ಒಂದು ಚರಣವನ್ನು ಬ್ಯಾಂಡ್ ಒಬ್ಬಂಟಿಯಾಗಿ ನುಡಿಸಿ ಧಾಟಿ ಕೊಡುವುದು, ಮುಂದಿನದನ್ನು ಜನ ಎತ್ತಿಕೊಳ್ಳುವುದು, ಉಸಿರು ತೆಗೆದುಕೊಳ್ಳಲು ಸಾಲಿನ ಕೊನೆಯಲ್ಲಿ ಡ್ರಮ್ಮು ಎರಡು ಪೆಟ್ಟು ಹೆಚ್ಚು ಹಾಕುವುದು, ಇವು ಯಾವ ಪುಸ್ತಕದಲ್ಲೂ ಇಲ್ಲದ ಬೀದಿಯ ಬುದ್ಧಿ.

ಶ್ರುತಿಯ ಜಗಳವೂ ಉಂಟು. ಬ್ಯಾಂಡಿನ ಟ್ರಂಪೆಟ್ ಮತ್ತು ಕಾರ್ನೆಟ್ಟುಗಳು ಸಾಮಾನ್ಯವಾಗಿ ಬಿ ಫ್ಲಾಟ್ ಶ್ರುತಿಯವು. ಅವು ಬರೆದ ಸ್ವರಕ್ಕಿಂತ ಒಂದು ಮೆಟ್ಟಿಲು ಕೆಳಗೆ ಕೇಳುತ್ತವೆ. ಗಾಯನ ಮಂಡಳಿ ಕೀಬೋರ್ಡಿನ ಜೊತೆ ಡಿ ಶ್ರುತಿಯಲ್ಲಿ ಕಲಿತ ಹಾಡನ್ನು ನುಡಿಸಬೇಕಾದರೆ ಟ್ರಂಪೆಟ್ಟಿನವನು ನಾಲ್ಕು ಶಾರ್ಪುಗಳ ಇ ಶ್ರುತಿಯ ಬೆರಳು ಹಾಕಬೇಕು. ನಡೆಯುತ್ತ, ಬಿಸಿಲಿನಲ್ಲಿ, ಬಾಯಿಪಾಠದಲ್ಲಿ ಅದು ಸುಲಭದ ಕೆಲಸವಲ್ಲ. ಅವನು ಹಾಡನ್ನೇ ಡಿಯಿಂದ ಅರ್ಧ ಮೆಟ್ಟಿಲು ಮೇಲೇರಿಸಿ ಇ ಫ್ಲಾಟಿನಲ್ಲಿ ನುಡಿಸಿದರೆ ಬೆರಳು ಹಗುರಾಗುತ್ತದೆ, ಹಾಡುವವರ ಗಂಟಲಿಗೆ ಭಾರ ಬೀಳುತ್ತದೆ. ಕೂಲೊ ಜರ್ಮನಿಯಲ್ಲಿ ಒಂದೇ ಪುಸ್ತಕದಿಂದ ಬಿಡಿಸಿದ್ದು ಈ ಗಂಟನ್ನೇ. ನಮ್ಮಲ್ಲಿ ಅದನ್ನು ಬಿಡಿಸುವುದು ಅನುಭವಸ್ಥ ವಾದಕನ ಕಿವಿ.

ವಾದ್ಯಗಳ ತೌರು ಮೀರತ್. ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದ ಬ್ಯಾಂಡ್ ವಾದ್ಯ ತಯಾರಿಸುತ್ತಿದೆ; ಇಡೀ ದೇಶದ ಮದುವೆ ಬ್ಯಾಂಡುಗಳಿಗೆ ತುತ್ತೂರಿ ಒದಗಿಸುವ ಊರು ಅದು. ಗಂಗಾಬಯಲಿನ ಒಣಹವೆಯಲ್ಲಿ ಹುಟ್ಟಿದ ಆ ಹಿತ್ತಾಳೆ ಗಂಗೊಳ್ಳಿಯ ಉಪ್ಪುಗಾಳಿಗೆ ಬಂದರೆ ಬೇಗ ಕಿಲುಬು ಹಿಡಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿಟ್ಟು ಮರೆತರೆ ವಾಲ್ವು ಕಚ್ಚಿಕೊಂಡು ಒತ್ತಿದ ಗುಂಡಿ ಮೇಲೇಳುವುದಿಲ್ಲ. ಎಣ್ಣೆ ಹಾಕಿ, ಒರೆಸಿ, ಆಗಾಗ ಊದುತ್ತಲೇ ಇರಬೇಕು.

ಬೀದಿಗಿಳಿದ ವಾದ್ಯ ಒಂದೇ ಧರ್ಮದ ಸ್ವತ್ತಾಗಿ ಉಳಿಯಲಿಲ್ಲ. ಇಗರ್ಜಿಯ ಮೆರವಣಿಗೆಗೂ ಮದುವೆಯ ದಿಬ್ಬಣಕ್ಕೂ ಗಣಪತಿ ವಿಸರ್ಜನೆಗೂ ಬ್ಯಾಂಡ್ ಸೆಟ್ ಬೇಕಾಯಿತು. ಇನ್ನೂ ದೊಡ್ಡ ಬದಲಾವಣೆ ದೇವಸ್ಥಾನದ ವಾಲಗದಲ್ಲಿ ಆಯಿತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನು ಮೈಯಲ್ಲಿ ಹಿತ್ತಾಳೆ, ಊದುವ ಬಗೆಯಲ್ಲಿ ಪೀಪಿಯ ಬಳಗ. ಪಾಣೆಮಂಗಳೂರು ಕಡೆಯ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್ (1949–2019) ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮರುಳಾದರು. ಗಮಕ ಹೊರಡುವಂತೆ ಪಳಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ನುಡಿಸಿದರು. ಇವತ್ತು ಕರಾವಳಿಯ ಉತ್ಸವ, ಕೋಲಗಳಲ್ಲಿ ನಾಗಸ್ವರದ ಪಕ್ಕದಲ್ಲೋ ಅದರ ಬದಲಿಗೋ ಸ್ಯಾಕ್ಸೋಫೋನ್ ಕೇಳದ ಊರು ಕಡಿಮೆ. ಕೊಂಬು ಊದುತ್ತಿದ್ದ ಮನೆಗಳಿಂದಲೇ ಬಂದವರೂ ಅದನ್ನು ಹಿಡಿದಿದ್ದಾರೆ.

ಆ ಮೈಸೂರು ಅರಮನೆಯಲ್ಲಿ ಹಾಡು–ಹಿತ್ತಾಳೆಯ ಕೂಟಕ್ಕೆ ರಾಜಮರ್ಯಾದೆ ಸಿಕ್ಕಿತ್ತು. ಬಸವಪ್ಪ ಶಾಸ್ತ್ರಿಗಳು (1843–1891) ಬರೆದ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ನಾಡಗೀತೆ. ಅದನ್ನು ಗಾಯಕರು ಹಾಡುವುದಕ್ಕೂ ಇಂಗ್ಲಿಷ್ ಬ್ಯಾಂಡ್ ನುಡಿಸುವುದಕ್ಕೂ ಹೊಂದಿಸಿದ್ದರು. ಜರ್ಮನ್ ಸಂಗೀತಗಾರ ಓಟೊ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಸಂಸ್ಥಾನದ ಬ್ಯಾಂಡಿನ ಪರಂಪರೆ ಸ್ವಾತಂತ್ರ್ಯದ ನಂತರ ಪೊಲೀಸ್ ಬ್ಯಾಂಡಿಗೆ ಬಂತು; ದಸರೆಯ ಸಮೂಹ ವಾದ್ಯಮೇಳದಲ್ಲಿ ಇಂದಿಗೂ ಅದನ್ನು ಕೇಳಬಹುದು. ಸರ್ಕಾರದ ಸಂಬಳವಿದ್ದ ಆ ಪರಂಪರೆಗೆ ದಾಖಲೆ, ಫೋಟೊ, ನೊಟೇಶನ್ ಎಲ್ಲ ಉಂಟು. ಕುಂದಾಪುರದ ಬೀದಿಯ ಪರಂಪರೆಗೆ ಇರುವುದು ನೆನಪು ಮಾತ್ರ.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಚರ್ಚಿನ ಒಳಗು–ಹೊರಗಿನ ಹಳೆಯ ಗೆರೆಯನ್ನು ಅಳಿಸಿತು. ಪೂಜೆ ಜನರ ಭಾಷೆಗೆ ಬಂತು; ಸ್ಥಳೀಯ ಅಧಿಕಾರಿಗಳು ಒಪ್ಪಿದರೆ ಬೇರೆ ವಾದ್ಯಗಳೂ ಚರ್ಚಿನೊಳಗೆ ಬರಬಹುದು ಎಂದಾಯಿತು. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಗೀತೆಗಳು ಲ್ಯಾಟಿನ್ನಿನ ಜಾಗದಲ್ಲಿ ಕೂತವು. ಹೆಂಗಸರು ಗಾಯನ ಮಂಡಳಿಯ ಬೆನ್ನೆಲುಬಾದರು. 2008ರ ಜನವರಿಯಲ್ಲಿ ಮಂಗಳೂರಿನ ಶಕ್ತಿನಗರದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 40 ಗಂಟೆ ಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಹಾಡಿದ್ದು 1711 ಹಾಡು. ಕೂಡಿ ಹಾಡುವ ಶಕ್ತಿ ಈ ಸಮುದಾಯದಲ್ಲಿ ಬತ್ತಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಬಾಗಿಲು ತೆರೆದರೂ ಹಿತ್ತಾಳೆ ಮಾತ್ರ ಒಳಗೆ ಬರಲಿಲ್ಲ. ಅದರ ಜಾಗಕ್ಕೆ ಕೀಬೋರ್ಡ್, ಗಿಟಾರ್ ಬಂದವು. ಹೊರಗಿನ ದಾರಿಯಲ್ಲೂ ಈಗ ಗಾಡಿಯ ಮೇಲೆ ಸ್ಪೀಕರ್ ಏರುತ್ತದೆ, ಒಬ್ಬರು ಮೈಕಿನಲ್ಲಿ ಹಾಡಿದರೆ ಸಾವಿರ ಜನ ಸುಮ್ಮನೆ ನಡೆಯುತ್ತಾರೆ. ಸ್ಪೀಕರಿನ ಸದ್ದು ದೊಡ್ಡದೇ. ಆದರೆ ಅದು ನಡೆಯುವವನ ದನಿಯನ್ನು ಮುಚ್ಚುತ್ತದೆ. ತುತ್ತೂರಿ ಅದೇ ದನಿಯನ್ನು ಎತ್ತಿ ನಿಲ್ಲಿಸುತ್ತಿತ್ತು. ತುತ್ತೂರಿಯವನೂ ಹಾಡುವವನಂತೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲೇಬೇಕು. ಆ ಒಂದು ಬಿಡುವಿನಲ್ಲಿ ಜನಕ್ಕೆ ತಮ್ಮ ದನಿ ತಮಗೇ ಕೇಳುತ್ತದೆ. ಯಂತ್ರಕ್ಕೆ ಉಸಿರು ಬೇಡ, ಹಾಗಾಗಿ ಅದು ಬಿಡುವು ಕೊಡುವುದಿಲ್ಲ. ಈ ನಷ್ಟ ಸಣ್ಣದೆಂದು ತಳ್ಳಿಹಾಕುವಂಥದ್ದಲ್ಲ.

ಕುಂದಾಪುರ, ಗಂಗೊಳ್ಳಿ, ಬಸ್ರೂರು, ಬಾರ್ಕೂರು, ಬ್ರಹ್ಮಾವರ, ಬೈಂದೂರಿನ ಮನೆಗಳಲ್ಲಿ ಹಳೆಯ ವಾದಕರ ಕಾರ್ನೆಟ್ಟು ಅಟ್ಟದ ಮೇಲಿರಬಹುದು. ಶ್ರುತಿ ಬದಲಾಯಿಸಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಗೀತೆ ಪುಸ್ತಕ ಟ್ರಂಕಿನೊಳಗಿರಬಹುದು. ಮೆರವಣಿಗೆಯ ಕಪ್ಪುಬಿಳುಪು ಫೋಟೊದಲ್ಲಿ ಟೋಪಿ ಹಾಕಿದ ಬ್ಯಾಂಡಿನವರು ನಿಂತಿರಬಹುದು. ಗುಜರಿಗೆ ಹಾಕುವ ಮೊದಲು ಅವನ್ನು ಇಗರ್ಜಿಯ ಕಚೇರಿಗಾದರೂ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕಾದರೂ ತೋರಿಸಿ. ಮೆರವಣಿಗೆಗೆ ಐವತ್ತು ವರ್ಷ ಊದಿದ ಹಿರಿಯರು ನಿಮ್ಮ ವಾಳ್ಯೆಯಲ್ಲಿ (ವಾರ್ಡಿನಲ್ಲಿ) ಇದ್ದರೆ ಮೊಬೈಲಿನಲ್ಲಿ ಅವರ ಮಾತನ್ನೂ ಅವರು ನುಡಿಸುವ ನಾಲ್ಕು ಧಾಟಿಯನ್ನೂ ಹಿಡಿದಿಡಿ. ಮುಂದಿನ ತೆರಾಲಿಗೆ ಮೊದಲು ಬ್ಯಾಂಡಿನವರನ್ನೂ ಗಾಯನ ಮಂಡಳಿಯವರನ್ನೂ ಒಂದು ಸಂಜೆ ಒಟ್ಟಿಗೆ ಕೂರಿಸಿ, ಶ್ರುತಿ ಗೊತ್ತುಮಾಡಿಕೊಂಡು, ಎರಡು ಗೀತೆಯನ್ನಾದರೂ ಸ್ಪೀಕರ್ ಆರಿಸಿ ಹಾಡಿಸಿ.